ಐದನೆಯ ಪ್ರಶ್ನೆಗೆ ‘ಮಾಡುವೆನು’ ಎಂದು ಹೇಗೆ ಹೇಳಲಿ?

ಜೆರ್ಸಿಯ ಹುಬ್ಬಳ್ಳಿ · ಅಕ್ಟೋಬರ್ 12, ರಾತ್ರಿ 9.40

ನಾನು ಹುಬ್ಬಳ್ಳಿಯ ಸಿ.ಎಸ್.ಐ. (ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಸಭೆ) ಮನೆತನದವಳು, ಮುತ್ತಜ್ಜನ ಕಾಲಕ್ಕೆ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್. ಒಂಬತ್ತು ವರ್ಷದಿಂದ ನ್ಯೂ ಜೆರ್ಸಿಯಲ್ಲಿದ್ದೇನೆ. ಮನೆಯ ಹತ್ತಿರ ನಮ್ಮ ಸಭೆ ಇಲ್ಲದ್ದರಿಂದ ಎಪಿಸ್ಕೋಪಲ್, ಅಂದರೆ ಅಮೆರಿಕದ ಆಂಗ್ಲಿಕನ್ ಚರ್ಚಿಗೆ ಹೋಗುತ್ತೇನೆ. ಜೊತೆಯಲ್ಲಿ ಕೆಲಸ ಮಾಡುವವಳೊಬ್ಬಳು ತನ್ನ ಮಗುವಿಗೆ ನಾನು ಜ್ಞಾನತಾಯಿ, ಅಂದರೆ ಗಾಡ್‌ಮದರ್ ಆಗಬೇಕೆಂದು ಕೇಳಿದ್ದಾಳೆ. ನವೆಂಬರ್ ಮೊದಲ ವಾರ, ಸಕಲ ಸಂತರ ಹಬ್ಬದ ಭಾನುವಾರ ದೀಕ್ಷಾಸ್ನಾನ (ಬ್ಯಾಪ್ಟಿಸಮ್).

ಖುಷಿಯಿಂದಲೇ ಒಪ್ಪಿಕೊಂಡೆ. ಆಮೇಲೆ ಪಾದ್ರಿಗಳು ಪ್ರಾರ್ಥನಾ ಪುಸ್ತಕದ ನಾಲ್ಕು ಪುಟಗಳ ಪ್ರತಿ ಕೊಟ್ಟು ಓದಿಕೊಂಡು ಬನ್ನಿ ಎಂದರು. 1979ರ ಪುಸ್ತಕ. ಸೈತಾನನನ್ನು ತ್ಯಜಿಸುವ ಮಾತು, ನಂಬಿಕೆಯ ಪ್ರಮಾಣ ಎಲ್ಲ ನಮ್ಮದೇ. ಅದು ಮುಗಿದ ಮೇಲೆ ಐದು ಪ್ರಶ್ನೆಗಳಿವೆ. ಐದನೆಯದನ್ನು ನನಗೆ ತೋಚಿದಂತೆ ಕನ್ನಡದಲ್ಲಿ ಹೇಳುತ್ತೇನೆ: ಎಲ್ಲ ಜನರ ನಡುವೆ ನ್ಯಾಯಕ್ಕಾಗಿ, ಸಮಾಧಾನಕ್ಕಾಗಿ ಶ್ರಮಿಸುವೆಯಾ? ಪ್ರತಿಯೊಬ್ಬ ಮನುಷ್ಯನ ಘನತೆಯನ್ನು ಗೌರವಿಸುವೆಯಾ? ‘ದೇವರ ಸಹಾಯದಿಂದ ಮಾಡುವೆನು’ ಎನ್ನಬೇಕು.

ಇಲ್ಲಿ ನಾನು ಸಿಕ್ಕಿಹಾಕಿಕೊಂಡಿದ್ದೇನೆ. ಹುಬ್ಬಳ್ಳಿಯ ನಮ್ಮ ಮನೆಯ ಅಡುಗೆಮನೆ ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಲೋಟ ಸದಾ ಬೋರಲಾಗಿ ಇರುತ್ತಿತ್ತು, ಅಂಚು ಸ್ವಲ್ಪ ನೆಗ್ಗಿದ ಲೋಟ. ಪಾತ್ರೆ ತೊಳೆಯಲು ಬರುತ್ತಿದ್ದವಳ ಚಹಾಕ್ಕೆ ಅದು. ಅವಳೇ ತೊಳೆದು ಅವಳೇ ಬೋರಲು ಹಾಕಿ ಹೋಗುತ್ತಿದ್ದಳು. ನಮ್ಮ ಮನೆಯ ಇಪ್ಪತ್ತು ಲೋಟಗಳನ್ನು ತೊಳೆಯುತ್ತಿದ್ದವಳೂ ಅವಳೇ! ನಾವು ಯಾರೂ ಅದಕ್ಕೊಂದು ಹೆಸರು ಇಟ್ಟಿರಲಿಲ್ಲ, ‘ಅವಳ ಲೋಟ’ ಎನ್ನುತ್ತಿದ್ದೆವು. ಭಾನುವಾರ ತಪ್ಪದೆ ಆರಾಧನೆಗೆ ಹೋಗುವ ಮನೆ. ಹೋದ ಡಿಸೆಂಬರಿನಲ್ಲಿ ಹೋಗಿದ್ದಾಗ ಹೆಂಗಸು ಬೇರೆ, ಲೋಟ ಅದೇ. ನಾನು ಸುಮ್ಮನಿದ್ದೆ.

ಈ ಪ್ರಶ್ನೆ ಬರೀ ಅಮೆರಿಕದವರ ಸೇರ್ಪಡೆಯೇ, ಅಥವಾ ದೀಕ್ಷಾಸ್ನಾನದಲ್ಲೇ ಮೊದಲಿನಿಂದ ಇದೆಯೇ? ತಿಳಿದವರು ಹೇಳಿ.

---

ನಿವೃತ್ತ ಮೇಷ್ಟ್ರು · ಅಕ್ಟೋಬರ್ 13, ಬೆಳಿಗ್ಗೆ 6.15

ತಂಗೀ, ಮೂವತ್ತೆರಡು ವರ್ಷ ಸಂಡೇ ಸ್ಕೂಲ್ ನಡೆಸಿದವನು ನಾನು. ದೀಕ್ಷಾಸ್ನಾನ ಪಾಪಪರಿಹಾರದ ಗುರುತು, ಕ್ರಿಸ್ತನೊಂದಿಗೆ ಸತ್ತು ಎದ್ದು ಬರುವುದರ ಗುರುತು. ನ್ಯಾಯ, ಘನತೆ ಇವೆಲ್ಲ ಒಳ್ಳೆಯ ಮಾತುಗಳೇ. ಆದರೆ ಅವನ್ನು ಸ್ನಾನತೊಟ್ಟಿಯ ಪಕ್ಕಕ್ಕೆ ತಂದರೆ ನಾಳೆ ಪ್ರಣಾಳಿಕೆಯನ್ನೂ ತರುತ್ತಾರೆ. ಮಗುವಿಗೆ ಆಣೆ ಮಾಡಿ, ಮನೆಗೆ ಹೋಗಿ ಆ ಲೋಟವನ್ನು ಬಿಸಾಡಿ. ಎರಡನ್ನೂ ಗಂಟು ಹಾಕಬೇಡಿ.

---

ಕಂಕನಾಡಿ ಕೊಡೆ · ಅಕ್ಟೋಬರ್ 13, ಬೆಳಿಗ್ಗೆ 8.02

ಮೇಷ್ಟ್ರೇ, ಗಂಟು ಹಾಕಿದ್ದು ನಾವಲ್ಲ. ಪೌಲನು ಗಲಾತ್ಯದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ಸ್ನಾನ ಮಾಡಿಸಿಕೊಂಡವರೆಲ್ಲ ಕ್ರಿಸ್ತನನ್ನು ತೊಟ್ಟುಕೊಂಡಿದ್ದೀರಿ ಎನ್ನುತ್ತಾನೆ. ಮರುಸಾಲಿನಲ್ಲೇ ಯೆಹೂದ್ಯ–ಗ್ರೀಕ, ಆಳು–ಒಡೆಯ, ಗಂಡು–ಹೆಣ್ಣು ಎಂಬ ಭೇದವಿಲ್ಲ ಎನ್ನುತ್ತಾನೆ. ನಡುವೆ ಉಸಿರು ಎಳೆದುಕೊಳ್ಳುವಷ್ಟೂ ಜಾಗವಿಲ್ಲ.

ಕಥೋಲಿಕರಾದ ನಾವು ಇದನ್ನು ಜ್ಞಾನಸ್ನಾನ ಎನ್ನುತ್ತೇವೆ, ನೀವು ದೀಕ್ಷಾಸ್ನಾನ ಎನ್ನುತ್ತೀರಿ. ನಮ್ಮಲ್ಲಿ ನೀರು ಸುರಿದ ಮೇಲೆ ಮಗುವಿನ ನೆತ್ತಿಗೆ ಕ್ರಿಸ್ಮಾ ಎಂಬ ಪವಿತ್ರ ತೈಲ ಹಚ್ಚುತ್ತಾರೆ. ಯಾಜಕ, ಪ್ರವಾದಿ, ಅರಸನಾದ ಕ್ರಿಸ್ತನಲ್ಲಿ ನಿನಗೂ ಪಾಲಿದೆ ಎಂದು ಅದರ ಅರ್ಥ. ಯಾಜಕ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಅರಸ ಎಂದರೆ ಇನ್ನೂ ಬೇಗ ಅರ್ಥವಾಗುತ್ತದೆ. ಪ್ರವಾದಿ ಎಂಬ ಮಾತು ಬರುವಾಗ ಮಾತ್ರ ಎಲ್ಲರಿಗೂ ಫೋಟೊ ತೆಗೆಯುವ ಹೊತ್ತು. ಅರಸನ ಮುಖಕ್ಕೇ ನಿನ್ನದು ತಪ್ಪು ಎಂದು ಹೇಳುವವನು ಪ್ರವಾದಿ. ಜೆಸ್ವಿಟ್ ಪಾದ್ರಿ ಸ್ಟ್ಯಾನ್ ಸ್ವಾಮಿಯವರು ನಮ್ಮ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನಲ್ಲಿ ವರ್ಷಗಟ್ಟಲೆ ನಿರ್ದೇಶಕರಾಗಿದ್ದವರು, ಆಮೇಲೆ ಜಾರ್ಖಂಡಿನ ಆದಿವಾಸಿಗಳ ಜೊತೆ ನಿಂತವರು. 2020ರ ಅಕ್ಟೋಬರಿನಲ್ಲಿ ಬಂಧನವಾಯಿತು, 2021ರ ಜುಲೈ 5ರಂದು ಬಂಧನದಲ್ಲಿರುವಾಗಲೇ ಮುಂಬೈಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಪಾರ್ಕಿನ್‌ಸನ್ ಕಾಯಿಲೆಯಿಂದ ನಡುಗುವ ಕೈಗೆ ನೀರು ಕುಡಿಯಲು ಒಂದು ಸ್ಟ್ರಾ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಬೇಕಾಗಿ ಬಂದ ಮನುಷ್ಯ. ಆ ಎಣ್ಣೆ ಅವರ ನೆತ್ತಿಗೂ ಬಿದ್ದಿತ್ತು, ನನ್ನ ನೆತ್ತಿಗೂ ಬಿದ್ದಿದೆ. ನಾನು ಏನು ಮಾಡಿದ್ದೇನೆ ಎಂದು ಕೇಳಬೇಡಿ.

ಅಕ್ಕಾ, ಒಂದು ಸಣ್ಣ ಮಾಹಿತಿ: ನಮ್ಮ ಚರ್ಚಿನಲ್ಲಾಗಿದ್ದರೆ ನೀವು ಜ್ಞಾನತಾಯಿ ಆಗುವಂತಿರಲಿಲ್ಲ, ಕಥೋಲಿಕ ಜ್ಞಾನಪೋಷಕರೊಬ್ಬರ ಜೊತೆ ‘ಸಾಕ್ಷಿ’ ಆಗಬಹುದಿತ್ತು. ಆದರೆ ನಿಮ್ಮ ಸಿ.ಎಸ್.ಐ. ಸ್ನಾನ ನಮಗೆ ಸಿಂಧು.

---

ಹಳೇ ಕಡತ · ಅಕ್ಟೋಬರ್ 13, ಮಧ್ಯಾಹ್ನ 1.30

ಮೂಲ ಪ್ರಶ್ನೆಗೆ ಬರುತ್ತೇನೆ. ಆ ಐದನೆಯ ಪ್ರಶ್ನೆಯ ಪದಗಳು ಹೊಸವು. ಹಿಂದಿರುವ ಆಲೋಚನೆ ಬಹಳ ಹಳೆಯದು.

ನಾಲ್ಕನೆಯ ಶತಮಾನದ ಯೆರೂಸಲೇಮಿನಲ್ಲಿ ಸ್ನಾನಕ್ಕೆ ಬಂದವರನ್ನು ಮೊದಲು ಪಡಸಾಲೆಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಕತ್ತಲೆಯ ದಿಕ್ಕು ಅದು. ಎದುರಿಗೆ ನಿಂತವನಿಗೆ ಹೇಳುವಂತೆ ಕೈ ಚಾಚಿ, ‘ಸೈತಾನನೇ, ನಿನ್ನನ್ನು ತ್ಯಜಿಸುತ್ತೇನೆ’ ಎನ್ನಬೇಕು. ಆಮೇಲೆ ಪೂರ್ವಕ್ಕೆ ತಿರುಗಿ ನಂಬಿಕೆ ಹೇಳಬೇಕು. ಅಂದರೆ ಇದು ಮನಸ್ಸಿನೊಳಗಿನ ತೀರ್ಮಾನ ಮಾತ್ರವಾಗಿರಲಿಲ್ಲ, ಮೈ ತಿರುಗಿಸಿ ಪಕ್ಷ ಬದಲಿಸುವ ಕೆಲಸ. ಯಾವ ಒಡೆಯನ ಕಡೆಯವನು ನೀನು ಎಂಬುದೇ ಪ್ರಶ್ನೆ.

ಇದನ್ನು ಭಕ್ತರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ಗುಲಾಮರ ಮಾಲೀಕರು. ಅಮೆರಿಕದ ವರ್ಜೀನಿಯಾ ವಸಾಹತಿನಲ್ಲಿ 1667ರಲ್ಲಿ ಒಂದು ಕಾನೂನು ಮಾಡಿದರು: ದೀಕ್ಷಾಸ್ನಾನವಾದ ಮಾತ್ರಕ್ಕೆ ಗುಲಾಮನ ಸ್ಥಿತಿ ಬದಲಾಗುವುದಿಲ್ಲ. ನೀರಿಗೆ ಏನೂ ಶಕ್ತಿ ಇಲ್ಲವೆಂದಿದ್ದರೆ ಇಂಥ ಕಾನೂನು ಯಾಕೆ ಬೇಕಿತ್ತು? ಸ್ನಾನವಾದವನು ಸ್ವತಂತ್ರನಾಗುತ್ತಾನೆ ಎಂಬ ಭಯ ಅವರಿಗಿತ್ತು.

ಇನ್ನೂ ಒಂದಿದೆ. ಸೌತ್ ಕ್ಯಾರೊಲಿನಾದ ಗೂಸ್ ಕ್ರೀಕ್‌ನಲ್ಲಿ ಫ್ರಾನ್ಸಿಸ್ ಲ ಜೊ ಎಂಬ ಆಂಗ್ಲಿಕನ್ ಮಿಶನರಿ ಇದ್ದರು. ಗುಲಾಮರಿಗೆ ಸ್ನಾನ ಕೊಡುವ ಮೊದಲು ಅವರಿಂದ ತಾನು ಹೇಳಿಸುತ್ತಿದ್ದ ಪ್ರಮಾಣವನ್ನು ಅವರು 1709ರಲ್ಲಿ ಲಂಡನ್ನಿಗೆ ಬರೆದು ತಿಳಿಸಿದ್ದಾರೆ. ಅದರ ತಾತ್ಪರ್ಯ: ಒಡೆಯನಿಗೆ ಸಲ್ಲಿಸಬೇಕಾದ ಸೇವೆಯಿಂದ, ವಿಧೇಯತೆಯಿಂದ ಬಿಡಿಸಿಕೊಳ್ಳುವ ಉದ್ದೇಶದಿಂದ ನಾನು ಈ ಸ್ನಾನವನ್ನು ಕೇಳುತ್ತಿಲ್ಲ, ಆತ್ಮದ ಒಳ್ಳೆಯದಕ್ಕಾಗಿ ಮಾತ್ರ ಕೇಳುತ್ತಿದ್ದೇನೆ. ಸಭೆಯ ಎದುರು, ದೇವರ ಸಾಕ್ಷಿಯಾಗಿ ಹೇಳಬೇಕು. ಲ ಜೊ ದುಷ್ಟನೇನೂ ಅಲ್ಲ, ಓಡಿಹೋದ ಗುಲಾಮರ ಅಂಗ ಕತ್ತರಿಸುವ ಶಿಕ್ಷೆಯನ್ನು ವಿರೋಧಿಸಿದವರು. ಆದರೂ ಆ ಪ್ರಮಾಣ ಹುಟ್ಟಿದ್ದು ಅವರ ಕೈಯಿಂದಲೇ.

ಮೇಷ್ಟ್ರೇ, ‘ಆತ್ಮಕ್ಕೆ ಮಾತ್ರ’ ಎನ್ನುವ ಮಾತು ಎಲ್ಲಿಂದ ಬಂದಿದೆ ನೋಡಿ.

---

ನಿವೃತ್ತ ಮೇಷ್ಟ್ರು · ಅಕ್ಟೋಬರ್ 13, ಸಂಜೆ 5.48

ನನ್ನನ್ನು ಗುಲಾಮರ ಮಾಲೀಕರ ಸಾಲಿಗೆ ಕೂರಿಸಿದ್ದಕ್ಕೆ ವಂದನೆಗಳು. ವಯಸ್ಸಾದವರ ಮೇಲೆ ಸ್ವಲ್ಪ ಕರುಣೆ ಇರಲಿ, ಅದೂ ನಿಮ್ಮ ಪ್ರಶ್ನೆಗಳಲ್ಲಿದೆಯಲ್ಲ. ಮಾಹಿತಿ ಮಾತ್ರ ನನಗೆ ಹೊಸತು.

ಆದರೆ ಬಾಸೆಲ್ ಮಿಶನ್ ಹಾಗಿರಲಿಲ್ಲ ಎಂಬುದನ್ನೂ ಬರೆಯಿರಿ.

---

ಹಳೇ ಕಡತ · ಅಕ್ಟೋಬರ್ 13, ರಾತ್ರಿ 10.20

ಬರೆಯುತ್ತೇನೆ ಮೇಷ್ಟ್ರೇ, ಸಾಲಿನ ವಿಷಯಕ್ಕೆ ಕ್ಷಮಿಸಿ.

ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ತಮಿಳು ನಾಡಿನ ಕೆಲವು ಹಳೆಯ ಲುಥೆರನ್ ಸಭೆಗಳಲ್ಲಿ ಜಾತಿವಾರು ಕೂರುವುದನ್ನು ಸಹಿಸಿಕೊಂಡಿದ್ದರು. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್, ಜಾತಿಭೇದವನ್ನು ಕೂಡಲೇ, ಪೂರ್ತಿಯಾಗಿ ಬಿಡಬೇಕೆಂದು ಪತ್ರ ಬರೆದಾಗ ತಂಜಾವೂರು, ಮದ್ರಾಸಿನ ವೇಪೇರಿಯ ಸಭೆಗಳಲ್ಲಿ ಗದ್ದಲವೇ ಎದ್ದಿತು. ಬಾಸೆಲಿನವರು ಈ ವಿಷಯದಲ್ಲಿ ಮೊದಲಿನಿಂದಲೂ ಬಿಗಿ. ಜಾತಿ ಬಿಟ್ಟು ಬಾ ಎಂದರೆ ಬಿಟ್ಟೇ ಬರಬೇಕು. ಬಂದವನಿಗೆ ಅನ್ನ ಯಾರು ಕೊಡುತ್ತಾರೆ? ಮನೆಯವರು ಹೊರಗೆ ಹಾಕಿದರು, ಕಸುಬು ಹೋಯಿತು, ಒಕ್ಕಲು ಹೋಯಿತು. ಆ ಪ್ರಶ್ನೆಗೆ ಉತ್ತರವಾಗಿಯೇ ನೇಯ್ಗೆ ಕಾರ್ಖಾನೆ ಬಂತು, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಬಂತು. ಇಂದು ನಾವು ಮಂಗಳೂರು ಹೆಂಚು ಎಂದು ಮನೆಯ ಮೇಲೆ ಹೊದಿಸಿಕೊಂಡಿರುವುದರ ಹಿಂದೆ ದೀಕ್ಷಾಸ್ನಾನದ ಮರುದಿನದ ಹಸಿವಿದೆ.

1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕ ಇಬ್ಬರು ಗೆಳೆಯರೊಡನೆ ಮಂಗಳೂರಿನಲ್ಲಿ ಸ್ನಾನ ಪಡೆದಾಗ ಊರೇ ಅಲ್ಲೋಲಕಲ್ಲೋಲವಾಯಿತು. ಅದೇ ಕೌಂಡಿನ್ಯ ಮತ್ತು ಬಾಸೆಲ್ ಮಿಶನರಿ ಮೋಗ್ಲಿಂಗ್ ಮುಂದೆ ಕೊಡಗಿನ ಆನಂದಪುರದಲ್ಲಿ ಹೊಲೆಯ ಸಮುದಾಯದ ದುಡಿಮೆಗಾರರ ನಡುವೆ ಕೆಲಸ ಮಾಡಿದರು. ಯಾರ ನೆರಳಿಗೆ ಹೆದರುವಂತೆ ಹುಟ್ಟಿನಿಂದ ಕಲಿಸಿದ್ದರೋ ಅವರ ನಡುವೆ. ಕಾರ್ಖಾನೆಯೊಳಗೆ ಮಿಶನರಿಗಳು ಯಜಮಾನರಂತೆಯೇ ನಡೆದುಕೊಂಡರು, ಕೂಲಿಯ ಜಗಳಗಳೂ ಇದ್ದವು, ಆ ಕಥೆ ಬೇರೆ.

---

ಕೋಲಾರದ ಕಿರಿಯ · ಅಕ್ಟೋಬರ್ 14, ಬೆಳಿಗ್ಗೆ 7.10

ಎಲ್ಲರ ಬರಹ ಓದಿದೆ. ಇತಿಹಾಸ ಚೆನ್ನಾಗಿದೆ. ಈಗ ನಮ್ಮ ಮನೆಯ ಟ್ರಂಕಿನ ವಿಷಯ ಹೇಳುತ್ತೇನೆ.

ನಾವು ದಲಿತ ಕ್ರೈಸ್ತರು. ನನ್ನ ಅತ್ತೆಯ ಮನೆಯ ಟ್ರಂಕಿನಲ್ಲಿ ಎರಡು ಪ್ಲಾಸ್ಟಿಕ್ ಕವರುಗಳಿವೆ. ಒಂದರಲ್ಲಿ ಜಾತಿ ಪ್ರಮಾಣಪತ್ರ, ಇನ್ನೊಂದರಲ್ಲಿ ದೀಕ್ಷಾಸ್ನಾನದ ಪ್ರಮಾಣಪತ್ರ. ಎರಡೂ ಒಂದೇ ಕವರಿಗೆ ಹೋಗಬಾರದು ಎಂಬುದು ಮನೆಯ ಕಟ್ಟಳೆ. ಶಾಲೆಯಲ್ಲಿ ಒಂದು ಹೆಸರು, ಚರ್ಚಿನಲ್ಲಿ ಒಂದು ಹೆಸರು. ಚಿಕ್ಕವನಿದ್ದಾಗ ಇದು ಎಲ್ಲರ ಮನೆಯಲ್ಲೂ ಇರುವ ಪದ್ಧತಿ ಎಂದುಕೊಂಡಿದ್ದೆ.

ಕಾರಣ ನಿಮಗೆ ಗೊತ್ತಿರಬಹುದು. 1950ರ ರಾಷ್ಟ್ರಪತಿಗಳ ಆದೇಶದ ಮೂರನೆಯ ಪ್ಯಾರಾ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಇವತ್ತಿಗೂ ಹೊರಗೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಕರ್ನಾಟಕ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಟ್ಟಿದೆ. ರಂಗನಾಥ ಮಿಶ್ರಾ ಆಯೋಗ ಆ ಪ್ಯಾರಾ ತೆಗೆಯಿರಿ ಎಂದು 2007ರಲ್ಲೇ ವರದಿ ಕೊಟ್ಟಿತ್ತು. 2022ರಲ್ಲಿ ಇದನ್ನೇ ಪರಿಶೀಲಿಸಲು ಬಾಲಕೃಷ್ಣನ್ ಆಯೋಗ ನೇಮಕವಾಯಿತು. 2024ರ ನವೆಂಬರಿನಲ್ಲಿ ಪುದುಚೇರಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ: ಸ್ನಾನ ಪಡೆದು ಚರ್ಚಿಗೆ ಹೋಗುತ್ತಿರುವವರಿಗೆ ಪರಿಶಿಷ್ಟ ಜಾತಿಯ ಪತ್ರ ಸಿಗುವುದಿಲ್ಲ.

ಇದರ ತರ್ಕ ನೋಡಿ. ಕ್ರೈಸ್ತಧರ್ಮದಲ್ಲಿ ಜಾತಿ ಇಲ್ಲ, ಆದ್ದರಿಂದ ಸ್ನಾನವಾದ ಕೂಡಲೇ ನಿನ್ನ ಜಾತಿ ಹೋಯಿತು. ನೀರು ಜಾತಿಯನ್ನು ತೊಳೆಯುತ್ತದೆ ಎಂದು ಈ ದೇಶದಲ್ಲಿ ಮನಸಾರೆ ನಂಬಿರುವುದು ಸರ್ಕಾರ ಒಂದೇ. ಚರ್ಚು ನಂಬಿಲ್ಲ. ನಂಬಿದ್ದರೆ ನಮ್ಮ ತಾತನ ಸಮಾಧಿ ಗೋಡೆಯ ಆಚೆ ಬದಿಗೆ ಯಾಕೆ ಇರುತ್ತಿತ್ತು? ಊರಿನ ಹೆಸರು ಬರೆಯುವುದಿಲ್ಲ.

ಅಕ್ಕಾ, ನಿಮ್ಮ ಲೋಟದ ಕಥೆ ಓದಿ ನನಗೆ ಆಶ್ಚರ್ಯವಾಗಲಿಲ್ಲ. ನೀವು ಅದನ್ನು ಬರೆದಿರಲ್ಲ, ಅದಕ್ಕೆ ಆಶ್ಚರ್ಯವಾಯಿತು.

---

ಕಂಕನಾಡಿ ಕೊಡೆ · ಅಕ್ಟೋಬರ್ 14, ಬೆಳಿಗ್ಗೆ 9.33

ತಮ್ಮಾ, ಏನೂ ಹೇಳಲು ತೋಚುತ್ತಿಲ್ಲ. ನಮ್ಮವರ ವಿಷಯವನ್ನು ನಾನೇ ಹೇಳಿಬಿಡುತ್ತೇನೆ. ನಮ್ಮ ಹಿರಿಯರು ಗೋವೆಯಲ್ಲಿ ಸ್ನಾನ ಪಡೆದು ನಾನೂರು ವರ್ಷದ ಮೇಲಾಯಿತು. ಇವತ್ತಿಗೂ ಮಂಗಳೂರಿನ ಕೊಂಕಣಿ ಕಥೋಲಿಕರ ಮನೆಯಲ್ಲಿ ಸಂಬಂಧ ಮಾತಾಡುವಾಗ, ಹಳೆಯ ಜಾತಿಯಲ್ಲಿ ಬಾಮಣ್ ಯಾರು, ಚಾರಡಿ ಯಾರು, ಶುದಿರ್ ಯಾರು ಎಂದು ಅಜ್ಜಿಯರು ಪಿಸುಮಾತಿನಲ್ಲಿ ವಿಚಾರಿಸುತ್ತಾರೆ. ಈಸ್ಟರ್ ಹಿಂದಿನ ರಾತ್ರಿಯ ಪಾಸ್ಕ ಜಾಗರಣೆಯಲ್ಲಿ ಅದೇ ಅಜ್ಜಿಯರು ಕೈಯಲ್ಲಿ ಮೇಣದಬತ್ತಿ ಹಿಡಿದು, ಬೆರಳ ಮೇಲೆ ಬಿಸಿ ಮೇಣ ಬಿದ್ದರೂ ಕದಲದೆ, ‘ತ್ಯಜಿಸುತ್ತೇನೆ, ತ್ಯಜಿಸುತ್ತೇನೆ, ತ್ಯಜಿಸುತ್ತೇನೆ’ ಎಂದು ಮೂರು ಸಲ ಹೇಳುತ್ತಾರೆ. ನಾನೂ ಹೇಳುತ್ತೇನೆ. ನಾನು ಮದುವೆಯಾದದ್ದು ಎಲ್ಲಿ ಎಂದು ಕೇಳಬೇಡಿ.

2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಬಿಷಪರು ದಲಿತರ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿ, ಚರ್ಚಿನೊಳಗೆ ಜಾತಿ ತಾರತಮ್ಯ ಇದೆ ಎಂದು ಒಪ್ಪಿಕೊಂಡರು. ಒಪ್ಪಿಕೊಳ್ಳುವುದಕ್ಕೇ ಅಷ್ಟು ಕಾಲ ಹಿಡಿಯಿತು.

---

ಬಾಗೇವಾಡಿ ಎಕ್ಸ್‌ಪ್ರೆಸ್ · ಅಕ್ಟೋಬರ್ 14, ಮಧ್ಯಾಹ್ನ 2.05

ಹೊರಗಿನವನು ನಡುವೆ ಬಾಯಿ ಹಾಕುತ್ತಿದ್ದೇನೆ, ತಪ್ಪಿದ್ದರೆ ಹೇಳಿ. ನಾನು ಲಿಂಗಾಯತ. ದೀಕ್ಷೆ ಎಂಬ ಪದ ನೋಡಿ ಒಳಗೆ ಬಂದೆ.

ನಮ್ಮ ಕಲ್ಯಾಣದಲ್ಲೂ ದೀಕ್ಷೆಗೆ ಪರೀಕ್ಷೆ ಬಂದದ್ದು ಮದುವೆಯಲ್ಲೇ. ಲಿಂಗ ಕಟ್ಟಿಕೊಂಡ ಮೇಲೆ ಸಮಗಾರ ಹರಳಯ್ಯನೂ ಬ್ರಾಹ್ಮಣ ಮೂಲದ ಮಧುವರಸನೂ ಒಂದೇ ಎಂದು ಎಲ್ಲರೂ ಹೇಳುತ್ತಿದ್ದರು, ಬಿಜ್ಜಳನಿಗೂ ಕೇಳಿಸುತ್ತಿತ್ತು, ತೊಂದರೆ ಇರಲಿಲ್ಲ. ಒಬ್ಬನ ಮಗ ಇನ್ನೊಬ್ಬನ ಮಗಳನ್ನು ಮದುವೆಯಾದ ದಿನ, ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆ. ಇವತ್ತು ನಮ್ಮ ವಧೂವರರ ಅಂಕಣದಲ್ಲಿ ಒಳಪಂಗಡದ ಹೆಸರಿಲ್ಲದ ಒಂದು ಜಾಹೀರಾತು ತೋರಿಸಿ, ಊಟ ಹಾಕಿಸುತ್ತೇನೆ.

ಇನ್ನೊಂದು. ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದು 22 ಪ್ರತಿಜ್ಞೆಗಳನ್ನು ಬೋಧಿಸಿದರು (ಇವತ್ತೇ ಅಕ್ಟೋಬರ್ 14, ಈಗ ಗಮನಿಸಿದೆ). ಎಲ್ಲ ಮನುಷ್ಯರೂ ಸಮಾನರು ಎಂಬುದೂ, ಎಲ್ಲ ಜೀವಿಗಳ ಮೇಲೆ ದಯೆ ಎಂಬುದೂ ಅದರಲ್ಲಿವೆ. ಪ್ರತಿಜ್ಞೆಯೊಳಗೇ ಸಮಾನತೆಯನ್ನು ಬಿಡಿಸಿ ಬರೆದಿಟ್ಟರು, ಅರ್ಥ ಮಾಡಿಕೊಳ್ಳುತ್ತಾರೆ ಬಿಡು ಎಂದು ಬಿಡಲಿಲ್ಲ. ಭಾರತದ ಕ್ರೈಸ್ತರು ಅಸ್ಪೃಶ್ಯರ ಮೇಲಿನ ಅನ್ಯಾಯದ ವಿರುದ್ಧ ಹೋರಾಡುವುದಿಲ್ಲ ಎಂಬ ದೂರು ಅವರಿಗೆ ಮೊದಲೇ ಇತ್ತು.

---

ಸಭಾಪಾಲಕರ ಮನೆಯವಳು · ಅಕ್ಟೋಬರ್ 14, ರಾತ್ರಿ 9.15

ಗಂಡಸರ ವಾದ ಮುಗಿದಿದ್ದರೆ ನಾನೂ ಒಂದು ಮಾತು ಹೇಳುತ್ತೇನೆ. ನ್ಯಾಯದ ಬಗ್ಗೆ ಎಲ್ಲರೂ ಬರೆದಿರಿ, ಕರುಣೆಯನ್ನು ಯಾರೂ ಮುಟ್ಟಲಿಲ್ಲ.

ಕೆಲವು ವರ್ಷಗಳ ಹಿಂದೆ, ನಾವು ಬೇರೊಂದು ಊರಿನಲ್ಲಿದ್ದಾಗ, ಮದುವೆಯಾಗದ ಹುಡುಗಿಯೊಬ್ಬಳು ಮೂರು ತಿಂಗಳ ಮಗುವನ್ನು ಎತ್ತಿಕೊಂಡು ಮಂಗಳವಾರ ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಭಾನುವಾರ ಬರಲು ನಾಚಿಕೆ. ಸ್ನಾನ ಕೊಡುತ್ತೀರಾ ಎಂದು ಬಾಗಿಲಲ್ಲೇ ನಿಂತು ಕೇಳಿದಳು. ಕಮಿಟಿಯವರು ಸೇರಿ, ಕೊಡಲಿ, ಆದರೆ ಭಾನುವಾರದ ಆರಾಧನೆಯಲ್ಲಿ ಬೇಡ, ವಾರದ ನಡುವೆ ಯಾರೂ ಇಲ್ಲದಾಗ ಮುಗಿಸಿಬಿಡಲಿ ಎಂದರು. ನಮ್ಮವರು ಮಾತಿಗೆ ನಿಧಾನ, ಆ ದಿನ ಮಾತ್ರ, ‘ಮಗು ಕದ್ದ ಸಾಮಾನೇನ್ರೀ?’ ಎಂದು ಕೇಳಿದರು. ಭಾನುವಾರವೇ ಆಯಿತು.

ಸ್ನಾನದ ವಿಧಿಯಲ್ಲಿ ಸಭೆಗೂ ಒಂದು ಪಾತ್ರವಿದೆ. ಈ ಮಗುವನ್ನು ನಂಬಿಕೆಯಲ್ಲಿ ಬೆಳೆಸಲು ನೆರವಾಗುತ್ತೀರಾ ಎಂದು ಕೇಳಿದಾಗ ಎಲ್ಲರೂ ಎದ್ದು ನಿಂತು ಉತ್ತರ ಹೇಳಬೇಕು. ಅಂದು ಮೂರು ಬೆಂಚಿನವರು ಬಾಯಿ ತೆರೆದರು, ಉಳಿದವರು ಹಾಡಿನ ಪುಸ್ತಕ ನೋಡುತ್ತಿದ್ದರು. ನಾನು ಎಣಿಸಿದ್ದೇನೆ. ಮಧ್ಯಾಹ್ನ ನಮ್ಮ ಮನೆಯಲ್ಲಿ ಹನ್ನೊಂದು ಜನಕ್ಕೆ ಅನ್ನ, ಸಾರು, ಒಂದು ಪಾಯಸ. ಹುಡುಗಿ ಪಾಯಸ ತಿನ್ನಲಿಲ್ಲ, ಬಟ್ಟಲನ್ನು ಸುಮ್ಮನೆ ಹಿಡಿದುಕೊಂಡು ಕೂತಿದ್ದಳು.

ಜೆರ್ಸಿಯ ತಂಗೀ, ಅಲ್ಲಿನ ಐದು ಪ್ರಶ್ನೆಗಳಲ್ಲಿ ಎರಡನೆಯದನ್ನು ಓದಿದಿರಾ? ಕಳಿಸಿಕೊಡಿ.

---

ಜೆರ್ಸಿಯ ಹುಬ್ಬಳ್ಳಿ · ಅಕ್ಟೋಬರ್ 15, ಬೆಳಿಗ್ಗೆ 5.30

ಓದಿದೆ ಅಕ್ಕಾ. ಕೆಟ್ಟದ್ದನ್ನು ಎದುರಿಸುವುದರಲ್ಲಿ ಪಟ್ಟು ಬಿಡದೆ ಇರುವೆಯಾ, ಪಾಪದಲ್ಲಿ ಬಿದ್ದಾಗಲೆಲ್ಲ ಪಶ್ಚಾತ್ತಾಪಪಟ್ಟು ಕರ್ತನ ಕಡೆಗೆ ಮರಳುವೆಯಾ? ‘ಬಿದ್ದರೆ’ ಎಂದಿಲ್ಲ, ‘ಬಿದ್ದಾಗಲೆಲ್ಲ’ ಎಂದಿದೆ. ನೀವು ಯಾಕೆ ಕೇಳಿದಿರಿ ಎಂದು ಈಗ ಅರ್ಥವಾಯಿತು.

ಅನುವಾದದ ಒಂದು ಗೊಂದಲವೂ ಇದೆ. ‘ಘನತೆ’ ಎಂದು ಬರೆದಿದ್ದೇನೆ. ಅಮ್ಮನಿಗೆ ಫೋನಿನಲ್ಲಿ ಹೇಳುವಾಗ ‘ಮರ್ಯಾದೆ’ ಎಂದೆ. ‘ನಾವು ಎಲ್ಲರಿಗೂ ಮರ್ಯಾದೆ ಕೊಡುತ್ತೇವಲ್ಲ’ ಎಂದಳು. ನಿಜ, ಕೊಡುತ್ತೇವೆ, ಯಾರಿಗೆ ಎಷ್ಟು ಎಂಬ ಅಳತೆಯ ಪ್ರಕಾರ. ಮರ್ಯಾದೆ ಎಂದರೆ ಎಲ್ಲೆ ಎಂದೂ ಅರ್ಥವಿದೆಯಲ್ಲ. ಲೋಟದ ಮಾತು ತೆಗೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವಳೇ ಬೇರೆ ಲೋಟ ಕೇಳುವುದಿಲ್ಲ’ ಎಂದಳು. ನಾನು ಜಗಳ ಮಾಡಿದೆ. ಫೋನ್ ಇಟ್ಟಳು.

ಇಲ್ಲಿ ನಮ್ಮ ಚರ್ಚಿನಲ್ಲಿ ಜೊನಾಥನ್ ಡೇನಿಯಲ್ಸ್ ಎಂಬವರನ್ನು ವರ್ಷಕ್ಕೊಮ್ಮೆ ನೆನೆಯುತ್ತಾರೆ. ಗುರು ವಿದ್ಯಾಲಯದ ವಿದ್ಯಾರ್ಥಿ, 26 ವರ್ಷ. ಕಪ್ಪುಜನರ ಮತದ ಹಕ್ಕಿಗಾಗಿ ಅಲಬಾಮಾಕ್ಕೆ ಹೋಗಿದ್ದರು. 1965ರ ಆಗಸ್ಟ್ 20ರಂದು ಹೇನ್‌ವಿಲ್‌ನಲ್ಲಿ ಜೈಲಿನಿಂದ ಬಿಟ್ಟ ಕೂಡಲೇ ನಾಲ್ವರು ತಂಪು ಪಾನೀಯ ಕೊಳ್ಳಲು ಅಂಗಡಿಗೆ ಹೋದರು. ಬಾಗಿಲಲ್ಲಿದ್ದವನು 17 ವರ್ಷದ ರೂಬಿ ಸೇಲ್ಸ್ ಕಡೆಗೆ ಬಂದೂಕು ತಿರುಗಿಸಿದ. ಡೇನಿಯಲ್ಸ್ ಅವಳನ್ನು ಪಕ್ಕಕ್ಕೆ ತಳ್ಳಿ ತಾವು ಸತ್ತರು. ಗುಂಡು ಹಾರಿಸಿದವನನ್ನು ಬಿಳಿಯರೇ ತುಂಬಿದ್ದ ಜ್ಯೂರಿ ಬಿಡುಗಡೆ ಮಾಡಿತು. ಈ ಐದನೆಯ ಪ್ರಶ್ನೆ ಪುಸ್ತಕಕ್ಕೆ ಬಂದದ್ದು ಅದಾಗಿ ಹದಿನಾಲ್ಕು ವರ್ಷಕ್ಕೆ. ಅವರಿಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

---

ಕೋಲಾರದ ಕಿರಿಯ · ಅಕ್ಟೋಬರ್ 15, ಬೆಳಿಗ್ಗೆ 8.40

ಮೇಷ್ಟ್ರೇ, ನಿಮಗೊಂದು ಪ್ರಶ್ನೆ, ಕೋಪವಿಲ್ಲದೆ ಕೇಳುತ್ತಿದ್ದೇನೆ. ನಮ್ಮ ಊರಿನ ಸಭೆಯ ಹಳೆಯ ಸ್ನಾನದ ರಿಜಿಸ್ಟರಿನಲ್ಲಿ ‘ಹಿಂದಿನ ಜಾತಿ’ ಎಂಬ ಕಾಲಂ ಇದೆ. ನಿಮ್ಮ ಸಭೆಯಲ್ಲೂ ಇದೆಯೇ?

---

ನಿವೃತ್ತ ಮೇಷ್ಟ್ರು · ಅಕ್ಟೋಬರ್ 15, ಸಂಜೆ 6.30

ಹಳೆಯದರಲ್ಲಿ ಇತ್ತು. ಗೆದ್ದಲು ಹಿಡಿದಿದ್ದರಿಂದ ಹೊಸ ರಿಜಿಸ್ಟರಿಗೆ ನಕಲು ಮಾಡಿದವನೇ ನಾನು, ನನ್ನ ಅಕ್ಷರ ದುಂಡಗಿದೆ ಎಂದು ಒಪ್ಪಿಸಿದ್ದರು. ಆ ಕಾಲಂ ಉಳಿಸಿದೆನೋ ಬಿಟ್ಟೆನೋ ನೆನಪಾಗುತ್ತಿಲ್ಲ. ಭಾನುವಾರ ನೋಡುತ್ತೇನೆ.

---

ಜೆರ್ಸಿಯ ಹುಬ್ಬಳ್ಳಿ · ನವೆಂಬರ್ 3, ರಾತ್ರಿ 8.00

ನಿನ್ನೆ ಆಯಿತು. ಮಗು ನೀರು ಬಿದ್ದಾಗ ಅಳಲಿಲ್ಲ, ಎಣ್ಣೆ ಹಚ್ಚಿದಾಗ ಅತ್ತಿತು. ಐದನೆಯ ಪ್ರಶ್ನೆಗೆ ಉತ್ತರ ಹೇಳಿದೆ, ‘ದೇವರ ಸಹಾಯದಿಂದ’ ಎನ್ನುವ ಭಾಗ ಸ್ವಲ್ಪ ಜೋರಾಗಿಯೇ ಬಂತು. ಡಿಸೆಂಬರ್ 20ಕ್ಕೆ ಹುಬ್ಬಳ್ಳಿಗೆ ಟಿಕೆಟ್ ಮಾಡಿಸಿದ್ದೇನೆ. ಅಮ್ಮ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಮೇಷ್ಟ್ರೇ, ಆಮೇಲೆ ನೀವು ಬರೆಯಲೇ ಇಲ್ಲ.

---

ನಿವೃತ್ತ ಮೇಷ್ಟ್ರು · ನವೆಂಬರ್ 4, ಬೆಳಿಗ್ಗೆ 6.05

ಎರಡು ವಾರದ ಹಿಂದೆಯೇ ನೋಡಿದೆ. ಬರೆಯಲು ಮನಸ್ಸಾಗಲಿಲ್ಲ.

ಕಾಲಂ ಇದೆ. ಸ್ಕೇಲ್ ಇಟ್ಟು ಗೆರೆ ಎಳೆದಿದ್ದೇನೆ, ನೀಲಿ ಶಾಯಿ. ಹಳೆಯ ಹೆಸರುಗಳಿಗೆ ಮಾತ್ರ ತುಂಬಿದ್ದರೆ ನಕಲು ಎನ್ನಬಹುದಿತ್ತು. ನಕಲು ಮುಗಿದ ಮೇಲೆ ಹುಟ್ಟಿದ ಮಕ್ಕಳಿಗೂ ತುಂಬಿದ್ದೇನೆ, ಮೂರನೆಯ ತಲೆಮಾರಿನ ಕ್ರೈಸ್ತರ ಮಕ್ಕಳಿಗೆ. ಯಾರೂ ಹೇಳಿರಲಿಲ್ಲ. ಕಾಲಂ ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ ಎಂದಿರಬೇಕು.

---

ಕೋಲಾರದ ಕಿರಿಯ · ನವೆಂಬರ್ 4, ಬೆಳಿಗ್ಗೆ 6.50

ಎಷ್ಟು ಮಕ್ಕಳು ಮೇಷ್ಟ್ರೇ?

---

ನಿವೃತ್ತ ಮೇಷ್ಟ್ರು · ನವೆಂಬರ್ 4, ಬೆಳಿಗ್ಗೆ 7.20

ನಲವತ್ತೊಂದು. ಅವರಲ್ಲಿ ಒಂಬತ್ತು ಜನ ಇದೇ ಊರಿನಲ್ಲಿದ್ದಾರೆ.